ಕಾಡಂಚಿನ ಬೆಂಕಿ: ಫೆಬ್ರವರಿಯಲ್ಲಿ ಓಡುವ ಬದಲು ಡಿಸೆಂಬರಿನಲ್ಲಿ ಸವರಬೇಕು

2019ರ ಫೆಬ್ರವರಿ ಕೊನೆಯ ವಾರ ಬಂಡೀಪುರ ಹೊತ್ತಿ ಉರಿದದ್ದು ಬಹಳ ಜನಕ್ಕೆ ಇನ್ನೂ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಇಳಿಜಾರು, ಕುಂದಕೆರೆ ವಲಯ, ಹೀಗೆ ಕೆಲವೇ ದಿನದಲ್ಲಿ 4,000 ಹೆಕ್ಟೇರಿಗಿಂತ ಜಾಸ್ತಿ ಕಾಡು ಸುಟ್ಟುಹೋಯಿತು. ಎಕರೆ ಲೆಕ್ಕದಲ್ಲಿ ಹತ್ತು ಸಾವಿರದ ಮೇಲೆ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದರು.

ಪ್ರತಿ ಸಲ ಕಾಡು ಹೊತ್ತಿಕೊಂಡಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ. ಬೆಂಕಿ ಇಟ್ಟವರು ಯಾರು? ಕೇಳಲೇಬೇಕಾದ ಪ್ರಶ್ನೆ, ಸರಿ. ನಮ್ಮ ಕಡೆಯ ಒಣ ಕಾಡುಗಳಲ್ಲಿ ಬಹುಪಾಲು ಬೆಂಕಿ ಮನುಷ್ಯರಿಂದಲೇ ಶುರುವಾಗುತ್ತದೆ. ಆದರೆ ಒಂದು ಬೀಡಿ ತುಂಡು, ಜೇನು ಬಿಡಿಸಲು ಹಚ್ಚಿದ ಒಂದು ಪಂಜು, ಹೊಲದ ಬದುವಿನಲ್ಲಿ ಕಸಕ್ಕೆ ಇಟ್ಟ ಒಂದು ಕಡ್ಡಿ ಹತ್ತು ಸಾವಿರ ಎಕರೆ ಸುಡಬೇಕಾದರೆ ಅಲ್ಲಿ ಉರಿಯುವಂಥದ್ದು ರಾಶಿ ಬಿದ್ದಿರಬೇಕು, ಅಲ್ವಾ? ಆ ರಾಶಿ ಎಲ್ಲಿಂದ ಬಂತು, ಅದನ್ನು ಯಾವಾಗ, ಯಾರು, ಎಷ್ಟು ತೆಗೆಯಬೇಕು ಅನ್ನುವ ಚರ್ಚೆ ಬೇಸಿಗೆ ಮುಗಿದ ಕೂಡಲೇ ನಿಂತುಹೋಗುತ್ತದೆ. ಜೂನ್‌ನಲ್ಲಿ ಮಳೆ ಬಂದ ಮೇಲೆ ಯಾರಿಗೂ ಬೇಡ. ನಿಜ ಹೇಳಬೇಕಂದ್ರೆ ಕಾಡಂಚಿನ ಊರುಗಳ ಸುರಕ್ಷತೆ ನಿಂತಿರುವುದು ಆ ಬೇಡವಾದ ತಿಂಗಳುಗಳಲ್ಲಿ ಮಾಡುವ ಕೆಲಸದ ಮೇಲೆ.

ಬೆಂಕಿ ಹೇಗೆ ಓಡುತ್ತದೆ ಅನ್ನುವುದನ್ನು ಮೊದಲು ನೋಡೋಣ. ಗಾಳಿ, ಬಿಸಿಲು, ಇಳಿಜಾರು, ಉರುವಲು, ಈ ನಾಲ್ಕು ಸೇರಿ ಅದರ ವೇಗ ಮತ್ತು ಎತ್ತರ ತೀರ್ಮಾನವಾಗುತ್ತದೆ. ಏರಿನಲ್ಲಿ ಬೆಂಕಿ ತನ್ನ ಮುಂದಿರುವ ಹುಲ್ಲನ್ನು ತಾನೇ ಬಿಸಿ ಮಾಡಿ ಒಣಗಿಸಿಕೊಂಡು ಹೋಗುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಬೆಂಕಿ ಆರಿಸುವವರು ಇಟ್ಟುಕೊಂಡಿರುವ ಲೆಕ್ಕ. ಗಾಳಿಯನ್ನು ನಿಲ್ಲಿಸಲು ನಮ್ಮಿಂದ ಆಗಲ್ಲ, ಬೆಟ್ಟವನ್ನು ತಗ್ಗಿಸಲು ಆಗಲ್ಲ. ಕೈಗೆ ಸಿಗುವುದು ಉರುವಲು ಒಂದೇ. ಸೌದೆ ಒಲೆ ಹಚ್ಚಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲು ತರಗು, ಆಮೇಲೆ ಪುಳ್ಳೆ, ಆಮೇಲೆ ದಪ್ಪ ಸೌದೆ. ನಡುವಿನ ಪುಳ್ಳೆ ಇಲ್ಲದಿದ್ದರೆ ಎಷ್ಟು ಊದಿದರೂ ದಪ್ಪ ಸೌದೆ ಹತ್ತುವುದಿಲ್ಲ. ಕಾಡಿನಲ್ಲೂ ಅಷ್ಟೇ. ನೆಲದ ತರಗು ಮಾತ್ರ ಉರಿದರೆ ಬೆಂಕಿ ಮೊಣಕಾಲೆತ್ತರ ಇರುತ್ತದೆ, ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸಬಹುದು. ತರಗು ಮತ್ತು ಮರದ ಕೊಂಬೆಯ ನಡುವೆ ಒಣ ಪೊದೆ ತುಂಬಿಕೊಂಡಿದ್ದರೆ ಅದೇ ಬೆಂಕಿ ಮರದ ತುದಿಗೆ ಹೋಗುತ್ತದೆ. ಆಗ ಹತ್ತಿರ ಹೋಗಲು ಯಾರಿಂದಲೂ ಆಗಲ್ಲ.

ನಮ್ಮ ಕಾಡಿನಲ್ಲಿ ಆ ನಡುವಿನ ಪೊದೆಯ ಹೆಸರು ಲಂಟಾನ.

ಅಮೆರಿಕ ಖಂಡದ ಗಿಡ. 1800ರ ನಂತರದ ಮೊದಲ ದಶಕಗಳಲ್ಲಿ ಬ್ರಿಟಿಷರು ಅಂದದ ಹೂವಿನ ಗಿಡ ಅಂತ ಇಲ್ಲಿಗೆ ತಂದು ತೋಟದಲ್ಲಿ ಬೆಳೆಸಿದರು. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ದನ ತಿನ್ನಲ್ಲ, ಜಿಂಕೆಗೂ ಬೇಡ. ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ಒಂದು ಅಧ್ಯಯನ ನೋಡಿದರೆ ಇದರ ವೇಗ ಗೊತ್ತಾಗುತ್ತದೆ: 1997ರಲ್ಲಿ ಅಳತೆ ಮಾಡಿದ ತಾಕುಗಳಲ್ಲಿ ಶೇ. 41ರಲ್ಲಿ ಲಂಟಾನ ಇತ್ತು, 2008ರಲ್ಲಿ ಅದೇ ಕಾಡನ್ನು ಮತ್ತೆ ಅಳೆದಾಗ ಅದು ಶೇ. 81ಕ್ಕೆ ಏರಿತ್ತು. ಹನ್ನೊಂದು ವರ್ಷದಲ್ಲಿ ಎರಡು ಪಟ್ಟು! ಲಂಟಾನದ ಪೊದೆಯನ್ನು ಹತ್ತಿರದಿಂದ ನೋಡಿ. ಹೊರಗೆ ಹಸಿರು ಎಲೆ ಕಾಣುತ್ತದೆ. ಒಳಗೆ ಕೈ ಹಾಕಿದರೆ ಹಳೆಯ ಒಣ ಕಡ್ಡಿಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ, ನಡುನಡುವೆ ಗಾಳಿ ಆಡಲು ಜಾಗ. ಮರ ಸಿಕ್ಕರೆ ಬಳ್ಳಿಯ ಹಾಗೆ ಮೇಲಕ್ಕೂ ಹತ್ತುತ್ತದೆ. ಬೆಂಕಿ ಹಿಡಿಯಲು ಇದಕ್ಕಿಂತ ಅನುಕೂಲದ ಜೋಡಣೆ ಬೇಕಾಗಿಲ್ಲ.

2018ರಲ್ಲಿ ಮುಂಗಾರು ಚೆನ್ನಾಗಿ ಆಗಿತ್ತು. ಹುಲ್ಲು, ಲಂಟಾನ ಎಲ್ಲ ಸೊಂಪಾಗಿ ಬೆಳೆದವು. ಆಮೇಲೆ ಹಿಂಗಾರು ಕೈಕೊಟ್ಟಿತು, ಚಳಿಗಾಲದ ಮಳೆಯೂ ಬೀಳಲಿಲ್ಲ. ಬೆಳೆದದ್ದೆಲ್ಲ ನಿಂತಲ್ಲೇ ಒಣಗಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಊರೂರೇ ಸುಟ್ಟದ್ದನ್ನು ನೋಡಿದಿರಲ್ಲ, ಅಲ್ಲೂ ಇದೇ ಕಥೆ. ಎರಡು ಚಳಿಗಾಲ ಭರ್ಜರಿ ಮಳೆ, ಗಿಡಗಂಟಿ ಎದ್ದು ನಿಂತವು, ಆಮೇಲೆ ತಿಂಗಳುಗಟ್ಟಲೆ ಹನಿ ನೀರಿಲ್ಲ, ಕೊನೆಗೆ ಬಿರುಗಾಳಿ. ಮಳೆ ಚೆನ್ನಾಗಿ ಆದ ವರ್ಷ ಕಾಡಂಚಿನವರು ನೆಮ್ಮದಿಯಾಗಿರಬಹುದು ಅಂದುಕೊಳ್ಳುತ್ತೇವೆ. ಮುಂದಿನ ಬೇಸಿಗೆಗೆ ಎಚ್ಚರ ಜಾಸ್ತಿ ಬೇಕಾಗುವುದೇ ಅಂಥ ವರ್ಷದಲ್ಲಿ.

ಅರಣ್ಯ ಇಲಾಖೆಯ ಮುಖ್ಯ ಉಪಾಯ ಬೆಂಕಿ ರೇಖೆ, ಎಲ್ಲರ ಬಾಯಲ್ಲಿ ಫೈರ್ ಲೈನ್. ಕಾಡಿನ ಗಡಿ, ರಸ್ತೆಯ ಎರಡು ಬದಿ, ವಲಯಗಳ ನಡುವೆ ಒಂದು ಪಟ್ಟಿಯಷ್ಟು ಗಿಡಗಂಟಿ ಸವರಿ, ಸವರಿದ್ದು ಒಣಗಿದ ಮೇಲೆ ಕಾವಲಿದ್ದು ಸುಡುತ್ತಾರೆ. ಈಗ ತರಗು ಗುಡಿಸಲು ಬ್ಲೋವರ್ ಯಂತ್ರಗಳೂ ಬಂದಿವೆ. ಒಳ್ಳೆಯ ಕೆಲಸ, ಬೇಕೇ ಬೇಕು. ಬೆಂಕಿ ಬಂದಾಗ ಆರಿಸುವವರಿಗೆ ನಿಲ್ಲಲು ಜಾಗ ಸಿಗುತ್ತದೆ, ಎದುರು ಬೆಂಕಿ ಕೊಡಲು, ಅಂದ್ರೆ ಬರುತ್ತಿರುವ ಬೆಂಕಿಯ ಮುಂದಿನ ಉರುವಲನ್ನು ಮೊದಲೇ ಸುಟ್ಟು ತಡೆಯಲು, ಆಧಾರ ಸಿಗುತ್ತದೆ. ಆದರೆ ರೇಖೆಯ ಆಚೆ ಈಚೆ ಎರಡೂ ಕಡೆ ಆಳೆತ್ತರದ ಲಂಟಾನ ಇದ್ದರೆ, ಗಾಳಿ ಬೀಸಿದಾಗ ಕೆಂಡ ಹಾರಿ ದಾಟಿಬಿಡುತ್ತದೆ. 2019ರಲ್ಲಿ ಆದದ್ದು ಅದೇ. ರೇಖೆಗಳನ್ನು ಹಾರಿಕೊಂಡೇ ಬೆಂಕಿ ಮುಂದೆ ಹೋಯಿತು. ಖಾಲಿ ಪಟ್ಟಿಯ ಜೊತೆಗೆ ಅದರ ಪಕ್ಕದ ಸ್ವಲ್ಪ ದೂರದವರೆಗೂ ಉರುವಲು ಕಡಿಮೆ ಇರಬೇಕು, ರೇಖೆಗೆ ಬರುವ ಹೊತ್ತಿಗೆ ಬೆಂಕಿ ಕುಗ್ಗಿರಬೇಕು. ಆಗ ಮಾತ್ರ ರೇಖೆ ತಡೆಯುತ್ತದೆ.

ಕಾಡಂಚಿನ ಊರಿನ ಗಡಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಗುಂಡ್ಲುಪೇಟೆ ಕಡೆಯ ಊರುಗಳಲ್ಲಿ ಕಾಡು ಮತ್ತು ಹೊಲದ ನಡುವೆ ಆನೆ ಕಂದಕ ಇರುತ್ತದೆ, ಇಲ್ಲವೇ ಸೋಲಾರ್ ಬೇಲಿ. ಕಂದಕ ತೋಡಿದ ಮಣ್ಣಿನ ದಿಣ್ಣೆ ಮೇಲೆ ಮೊದಲು ಬರುವುದೇ ಲಂಟಾನ ಮತ್ತು ಯುಪಟೋರಿಯಂ ಎಂಬ ಇನ್ನೊಂದು ಕಳೆ. ಹೊಲದ ಕಡೆಯ ಬದುವಿನಲ್ಲಿ ಒಣ ಹುಲ್ಲು. ಅದರ ಈಚೆಗೆ ಹುರುಳಿ ಸೊಪ್ಪಿನ ಬಣವೆಯೋ ಜೋಳದ ಕಡ್ಡಿಯ ಮೆದೆಯೋ. ಅದರ ಪಕ್ಕ ದನದ ಕೊಟ್ಟಿಗೆ. ಅಂದ್ರೆ ಕಾಡಿನಿಂದ ಮನೆವರೆಗೆ ಉರುವಲಿನ ಸಾಲು ಎಲ್ಲೂ ತುಂಡಾಗಿಲ್ಲ. ಇದು ಎರಡೂ ಕಡೆಗೆ ಅಪಾಯ. ಹೊಲದ ಕಸಕ್ಕೆ ಇಟ್ಟ ಬೆಂಕಿ ಕಾಡಿಗೆ ಹೋಗಬಹುದು, ಕಾಡಿನ ಬೆಂಕಿ ಕೊಟ್ಟಿಗೆಗೆ ಬರಬಹುದು.

ಇಲ್ಲೊಂದು ಅನುಕೂಲವೂ ಇದೆ, ಅದನ್ನು ಯಾರೂ ಸರಿಯಾಗಿ ಬಳಸಿಕೊಳ್ಳುತ್ತಿಲ್ಲ ಅನ್ನುವುದೇ ನನ್ನ ಬೇಸರ. ಸೋಲಾರ್ ಬೇಲಿಯ ಕೆಳಗಿನ ತಂತಿಗೆ ಹುಲ್ಲು, ಗಿಡ ತಾಗಿದರೆ ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ, ಬೇಲಿ ಮುಟ್ಟಿದರೂ ಆನೆಗೆ ಶಾಕ್ ಹೊಡೆಯಲ್ಲ. ಹಾಗಾಗಿ ಬೇಲಿ ಕೆಲಸ ಮಾಡಬೇಕಾದರೆ ಅದರ ಬುಡವನ್ನು ಆಗಾಗ ಸವರಲೇಬೇಕು. ಇದೇ ಸವರಿಕೆಯನ್ನು ಡಿಸೆಂಬರಿನಲ್ಲಿ ಎರಡೂ ಬದಿಗೆ ಹತ್ತಿಪ್ಪತ್ತು ಅಡಿ ಅಗಲ ಮಾಡಿದರೆ ಅದೇ ಬೆಂಕಿ ರೇಖೆ ಆಗುತ್ತದೆ. ಆನೆಗೂ ಬೆಂಕಿಗೂ ಒಂದೇ ಕೆಲಸ, ಒಂದೇ ಕೂಲಿ. ಆದರೆ ಬೇಲಿ ನೋಡಿಕೊಳ್ಳುವ ಖರ್ಚು ಒಂದು ಲೆಕ್ಕದಲ್ಲಿ, ಬೆಂಕಿ ತಡೆಯುವ ಖರ್ಚು ಇನ್ನೊಂದು ಲೆಕ್ಕದಲ್ಲಿ ಇದ್ದರೆ ಎರಡೂ ಅರೆಬರೆ ಆಗುತ್ತವೆ. ಇವನ್ನು ಕೂಡಿಸಲು ಹೊಸ ಕಾನೂನು ಬೇಕಿಲ್ಲ, ಕೂತು ಮಾತಾಡಿದರೆ ಸಾಕು.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಲ್ಲಿ ತರಗು ಬೆಂಕಿ ಅನ್ನುವ ಪದ್ಧತಿ ಇತ್ತು. ಬೇಸಿಗೆ ಇನ್ನೂ ಬಲಿಯದ ಹೊತ್ತು, ರಾತ್ರಿ ಇಬ್ಬನಿ ಬೀಳುತ್ತಿರುವಾಗ, ನೆಲದಲ್ಲಿ ಇನ್ನೂ ತೇವ ಇರುವಾಗ ಅಲ್ಲಲ್ಲಿ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅದು ತಗ್ಗಾಗಿ ಹರಿದು ತರಗನ್ನಷ್ಟೇ ಸುಟ್ಟು ತಾನಾಗಿ ಆರುತ್ತಿತ್ತು. ದೊಡ್ಡ ಮರಕ್ಕೆ ಏಟಿಲ್ಲ. ಹೊಸ ಹುಲ್ಲು ಬೇಗ ಚಿಗುರುತ್ತಿತ್ತು, ಗೆಡ್ಡೆ ಗೆಣಸು ಹುಡುಕಲು ನೆಲ ಕಾಣುತ್ತಿತ್ತು, ಓಡಾಡಲು ದಾರಿ ಇರುತ್ತಿತ್ತು, ಆನೆ ಕರಡಿ ದೂರದಿಂದಲೇ ಕಾಣುತ್ತಿದ್ದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧವಾಯಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿದ್ದಕ್ಕೆ ಬೆಂಕಿ ನಿಂತದ್ದೇ ಕಾರಣ ಅಂತ ಸೋಲಿಗ ಹಿರಿಯರು ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ.

ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಪದೇ ಪದೇ ಬೆಂಕಿ ಬಿದ್ದರೆ ಕಾಡಿನ ಮೇಲ್ಛಾವಣಿ ತೆರೆದು ಬಿಸಿಲು ನೆಲಕ್ಕೆ ಬೀಳುತ್ತದೆ, ಆ ಬಿಸಿಲಲ್ಲಿ ಲಂಟಾನ ಇನ್ನೂ ಹಬ್ಬುತ್ತದೆ, ಹಬ್ಬಿದ ಲಂಟಾನ ಮುಂದಿನ ಬೆಂಕಿಯನ್ನು ಇನ್ನೂ ಜೋರು ಮಾಡುತ್ತದೆ ಅನ್ನುವುದು ಅವರ ವಾದ. ನನಗನಿಸುವುದು ಇಷ್ಟು: ಎರಡೂ ಕಡೆಯವರು ಮಾತಾಡುತ್ತಿರುವುದು ಬೇರೆ ಬೇರೆ ಬೆಂಕಿಯ ಬಗ್ಗೆ. ಜನವರಿಯ ಇಬ್ಬನಿಯಲ್ಲಿ ತೆವಳುವ ತರಗು ಬೆಂಕಿ ಒಂದು. ಮಾರ್ಚ್ ಮಧ್ಯಾಹ್ನ ಆಳೆತ್ತರದ ಲಂಟಾನಕ್ಕೆ ಬೀಳುವ ಬೆಂಕಿ ಇನ್ನೊಂದು. ಮೊದಲನೆಯದನ್ನು ನಿಲ್ಲಿಸಿದೆವು, ಎರಡನೆಯದು ನಮ್ಮ ಅಪ್ಪಣೆ ಕೇಳದೆ ಬರುತ್ತಲೇ ಇದೆ. ಹಾಗಂತ ನಾಳೆಯೇ ಹಳೆಯ ಪದ್ಧತಿಗೆ ಮರಳಿ ಅಂದರೆ ಅನಾಹುತ ಆಗುತ್ತದೆ. ಐವತ್ತು ವರ್ಷದ ಹಿಂದೆ ನೆಲದಲ್ಲಿ ಇದ್ದದ್ದು ತರಗು ಮತ್ತು ಹುಲ್ಲು. ಈಗ ಇರುವುದು ಲಂಟಾನದ ಗೋಡೆ. ಅದಕ್ಕೆ ಜನವರಿಯಲ್ಲಿ ಬೆಂಕಿ ಕೊಟ್ಟರೂ ಮರ ಉಳಿಯಲ್ಲ.

ಮೊದಲು ಕೀಳಬೇಕು, ಆಮೇಲೆ ಬೆಂಕಿಯ ಮಾತು.

ಕೀಳುವುದರಲ್ಲೂ ಲೆಕ್ಕ ಇದೆ. ಮೇಲಿಂದ ಕತ್ತರಿಸಿದರೆ ಸುಮ್ನೆ ಕೂಲಿ ದಂಡ, ಮಳೆ ಬಿದ್ದ ಕೂಡಲೇ ಬುಡದಿಂದ ಹತ್ತು ಕವಲು ಒಡೆಯುತ್ತದೆ. ನೆಲದಿಂದ ಒಂದೆರಡು ಅಂಗುಲ ಕೆಳಗೆ, ಕವಲು ಒಡೆಯುವ ಗಂಟಿನ ಕೆಳಗೆ, ಗುದ್ದಲಿಯಿಂದ ತಾಯಿಬೇರನ್ನು ಕಡಿದು, ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡಬೇಕು. ಬುಡಮೇಲು ಯಾಕಂದ್ರೆ ಬೇರು ಮತ್ತೆ ಮಣ್ಣು ಹಿಡಿಯಬಾರದು. ಎರಡನೇ ವರ್ಷ, ಮೂರನೇ ವರ್ಷ ಹಕ್ಕಿ ಕೂರುವ ಮರಗಳ ಕೆಳಗೆ ಸಸಿ ಹುಡುಕಿ ಕೀಳಬೇಕು. ಖಾಲಿಯಾದ ಜಾಗಕ್ಕೆ ನಾಟಿ ಹುಲ್ಲು ಬರಬೇಕು, ಇಲ್ಲದಿದ್ದರೆ ಇನ್ನೊಂದು ಕಳೆ ಬಂದು ಕೂರುತ್ತದೆ. ಒಂದು ವರ್ಷದ ಟೆಂಡರ್ ಕರೆದು, ಫೋಟೊ ತೆಗೆದು ಮುಗಿಸುವ ಕೆಲಸ ಇದಲ್ಲ. ಕಿತ್ತದ್ದಕ್ಕೆ ಬೆಲೆಯೂ ಇದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿ ಕಡೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಲ್ಲೇ ಮಾಡಿದ ನಿಜ ಗಾತ್ರದ ಆನೆಗಳು ಲಂಡನ್ನಿನವರೆಗೂ ಹೋದವು. ಆದರೆ ಕಾಡಿನಲ್ಲಿರುವ ಲಂಟಾನದ ಮುಂದೆ ಇದೆಲ್ಲ ಬಹಳ ಸಣ್ಣ ಪಾಲು. ಕುರ್ಚಿ ಮಾಡಿ ಕಾಡು ಖಾಲಿ ಮಾಡಲು ಆಗಲ್ಲ, ಕೀಳುವ ಕೂಲಿಯನ್ನು ಸರ್ಕಾರವೇ ಕೊಡಬೇಕು.

ಮಲೆನಾಡಿಗೆ ಬಂದರೆ ಚಿತ್ರ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆ, ಅಂದ್ರೆ ತೋಟಕ್ಕೆ ಬೇಕಾದ ಸೊಪ್ಪು, ಎಲೆಯನ್ನು ಹತ್ತಿರದ ಕಾಡಿನಿಂದ ತರುವ ಹಕ್ಕು. ಚಳಿಗಾಲ ಕಳೆಯುತ್ತಾ ಮರ ಎಲೆ ಉದುರಿಸಿದಾಗ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತಿದ್ದರು. ಹುಲ್ಲು ಬೆಳೆಯುವ ಬೇಣದಲ್ಲಿ ಕರಡ ಹುಲ್ಲು ಕೊಯ್ದು ದನಕ್ಕೆ ಕೂಡಿಡುತ್ತಿದ್ದರು. ಬೆಂಕಿ ತಡೆಯೋಣ ಅಂತ ಯಾರೂ ಮಾಡಿದ್ದಲ್ಲ, ಗೊಬ್ಬರ ಮತ್ತು ಮೇವು ಬೇಕಿತ್ತು ಅಷ್ಟೇ. ಆದರೆ ಊರಿನ ಸುತ್ತ ಒಣ ಎಲೆಯೂ ಒಣ ಹುಲ್ಲೂ ಬೇಸಿಗೆ ಬಲಿಯುವ ಮೊದಲೇ ಖಾಲಿಯಾಗುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ದರಕು ಗುಡಿಸಲು ಆಳು ಸಿಗಲ್ಲ, ಮನೆಯ ಹುಡುಗರು ಬೆಂಗಳೂರಿನಲ್ಲಿ. ಕರಡ ನಿಂತಲ್ಲೇ ಒಣಗುತ್ತದೆ. ಇದರ ಜೊತೆಗೆ ಊರಿನ ಪಕ್ಕದ ಗುಡ್ಡಗಳಲ್ಲಿ ನೆಟ್ಟ ಅಕೇಶಿಯಾ. ಅದರ ದಪ್ಪ ಎಲೆ ಬೇಗ ಕೊಳೆಯಲ್ಲ, ವರ್ಷದ ಮೇಲೆ ವರ್ಷ ಹಾಸಿನಂತೆ ಬೀಳುತ್ತದೆ. ಊರಿನ ಹತ್ತಿರದ ಅಕೇಶಿಯಾ ಪ್ಲಾಂಟೇಶನ್‌ಗಳನ್ನು ಹಂತಹಂತವಾಗಿ ತೆಗೆದು ಸ್ಥಳೀಯ ಮರಗಳಿಗೆ ಜಾಗ ಮಾಡಿಕೊಡುವುದು ಬೆಂಕಿಯ ದೃಷ್ಟಿಯಿಂದಲೂ ಆಗಬೇಕಾದ ಕೆಲಸ.

ಇಲ್ಲಿ ಒಂದು ಎಚ್ಚರ. ಸವರುವುದು ಒಳ್ಳೆಯದು ಅಂದ ಕೂಡಲೇ ಎಲ್ಲ ಕಾಡಿಗೂ ಕತ್ತಿ ಹಿಡಿದು ಹೊರಡಬಾರದು. ಸದಾ ಹಸಿರಿನ ಕಾಡಿನ ಒಳಗೆ ನೆರಳಿದೆ, ತೇವ ಇದೆ, ಅದು ತನ್ನಷ್ಟಕ್ಕೆ ತಾನು ಬೆಂಕಿಯನ್ನು ತಡೆಯುತ್ತದೆ. ಅಲ್ಲಿ ಕೆಳಗಿನ ಗಿಡ ತೆಗೆದರೆ ಬಿಸಿಲು ಗಾಳಿ ಒಳಗೆ ನುಗ್ಗಿ ನೆಲ ಒಣಗುತ್ತದೆ, ಯುಪಟೋರಿಯಂ ಬರುತ್ತದೆ, ಅಲ್ಲಿವರೆಗೆ ಹೊತ್ತದ ಕಾಡು ಹೊತ್ತಲು ಶುರುವಾಗುತ್ತದೆ. ಎತ್ತರದ ಬೆಟ್ಟಗಳ ಕಣಿವೆಯಲ್ಲಿರುವ ಶೋಲಾ ಕಾಡಿಗೂ ಇದೇ ಮಾತು. ಒಣ ಕಾಡಿನಲ್ಲೂ ಬೇಸಿಗೆಯಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಕಾಡುಕೋಳಿಯಂಥ ಹಕ್ಕಿಗಳಿವೆ. ದರಕನ್ನು ಪೂರ್ತಿ ಗುಡಿಸಿದರೆ ಮಣ್ಣು ಬಡವಾಗುತ್ತದೆ. ಹಾಗಾಗಿ ನಾನು ಹೇಳುತ್ತಿರುವುದು ಊರು, ರಸ್ತೆ, ಬೇಲಿ, ವಿದ್ಯುತ್ ಲೈನಿನ ಅಕ್ಕಪಕ್ಕದ ಪಟ್ಟಿಗಳ ಬಗ್ಗೆ, ಮತ್ತು ಲಂಟಾನ ತುಂಬಿದ ಒಣ ಕಾಡಿನ ಬಗ್ಗೆ. ಎಲ್ಲ ಕಡೆಗೂ ಒಂದೇ ಮದ್ದು ನಡೆಯಲ್ಲ.

ಮನೆಯ ಹತ್ತಿರದ ಪಾಠವನ್ನು ಕ್ಯಾಲಿಫೋರ್ನಿಯಾ ಬಹಳ ಬೆಲೆ ತೆತ್ತು ಕಲಿತಿದೆ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಎಂಬ ಊರು ಮತ್ತು ಅದರ ಸುತ್ತಮುತ್ತ 85 ಜನ ಸತ್ತರು, ಊರು ಹೆಚ್ಚುಕಡಿಮೆ ಇಲ್ಲವಾಯಿತು. ಸುಟ್ಟ ಮನೆಗಳ ಪಕ್ಕದಲ್ಲೇ ಎಷ್ಟೋ ಮರಗಳು ಹಸಿರಾಗಿ ನಿಂತಿದ್ದವು. ಮನೆಗಳನ್ನು ಸುಟ್ಟದ್ದು ಬಹುಪಾಲು ಗಾಳಿಯಲ್ಲಿ ಹಾರಿ ಬಂದ ಕೆಂಡ. ಅದು ಮಾಡಿನ ಸಂದಿಯ ಎಲೆಗೆ, ಗೋಡೆ ಪಕ್ಕದ ಒಣ ಗಿಡಕ್ಕೆ, ಮರದ ಬೇಲಿಗೆ ಬಿದ್ದು ಹೊತ್ತಿಸುತ್ತದೆ. ಅಲ್ಲಿನ ಕಾನೂನು ಬೆಂಕಿ ಅಪಾಯದ ಜಾಗಗಳಲ್ಲಿ ಮನೆಯ ಸುತ್ತ 100 ಅಡಿವರೆಗೆ ಗಿಡಗಂಟಿ ತೆಳುವಾಗಿರಬೇಕು ಅನ್ನುತ್ತದೆ, ಗೋಡೆಯಿಂದ ಮೊದಲ 5 ಅಡಿಯಲ್ಲಿ ಹೊತ್ತುವ ವಸ್ತು ಇರಬಾರದು ಅನ್ನುವ ನಿಯಮ ತರಲು 2020ರಲ್ಲಿ ಕಾಯ್ದೆ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಬೆಟ್ಟದ ಬದಿ ಮನೆ ಮಾಡಿರುವ ಕನ್ನಡದವರಿಗೆ ಇದು ಇನ್ಶೂರೆನ್ಸ್ ತನಕ ಮುಟ್ಟುವ ವಿಷಯ. ನಮ್ಮ ಕಾಡಂಚಿನಲ್ಲಿ ಇದನ್ನೇ ಹೀಗೆ ಹೇಳಬಹುದು: ಬಣವೆಯನ್ನು ಕೊಟ್ಟಿಗೆಗೂ ಮನೆಗೂ ಅಂಟಿಸಬೇಡಿ, ಕಾಡಿನ ಬದಿಗೆ ಒಟ್ಟಬೇಡಿ, ಊರಿನ ಒಳಬದಿಗೆ ಒಟ್ಟಿ. ಹೆಂಚಿನ ಸಂದಿಯ ಎಲೆ ಜನವರಿಯಲ್ಲೇ ತೆಗೆಯಿರಿ. ಗೋಡೆಗೆ ಒರಗಿಸಿದ ಸೌದೆ ರಾಶಿಯನ್ನು ಮೇ ಕಳೆಯುವವರೆಗೆ ದೂರ ಇಡಿ. ಹೊಲದ ಕಸ ಸುಡಲೇಬೇಕಾದರೆ ಬೆಳಗಿನ ತೇವದಲ್ಲಿ, ಸುತ್ತ ನೆಲ ಕೆರೆದು, ಇಬ್ಬರು ನಿಂತು ಸುಡಿ, ಫೆಬ್ರವರಿ ಬಂದ ಮೇಲೆ ಬೇಡವೇ ಬೇಡ.

ಕ್ಯಾಲಿಫೋರ್ನಿಯಾದ ಇನ್ನೊಂದು ಹೆಜ್ಜೆ ನಮಗೆ ಇನ್ನೂ ಮುಖ್ಯ. ಅಲ್ಲಿಯ ಕರುಕ್, ಯುರೋಕ್ ಬುಡಕಟ್ಟಿನವರೂ ನಮ್ಮ ಸೋಲಿಗರ ಹಾಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು, ಅವರನ್ನೂ ನೂರು ವರ್ಷ ತಡೆದರು. 2021ರಲ್ಲಿ ಕಾನೂನು ಬದಲಾಯಿತು. ತರಬೇತಿ ಪಡೆದವರು ಮತ್ತು ಬುಡಕಟ್ಟಿನ ಬಲ್ಲವರು ನಿಯಮ ಪಾಲಿಸಿ ಬೆಂಕಿ ಕೊಟ್ಟು, ಅದು ಅಕಸ್ಮಾತ್ ಕೈಮೀರಿದರೆ, ದೊಡ್ಡ ಅಜಾಗರೂಕತೆ ಇಲ್ಲದಿದ್ದಲ್ಲಿ ಬೆಂಕಿ ಆರಿಸಿದ ಖರ್ಚನ್ನು ಅವರ ತಲೆಗೆ ಕಟ್ಟುವುದಿಲ್ಲ. ಆಸ್ಟ್ರೇಲಿಯಾದ ಉತ್ತರದಲ್ಲಿ ಮೂಲನಿವಾಸಿಗಳು ಒಣಗಾಲದ ಶುರುವಿನಲ್ಲೇ ಹುಲ್ಲು ಸುಟ್ಟು ಕೊನೆಯ ದೊಡ್ಡ ಬೆಂಕಿ ತಪ್ಪಿಸುತ್ತಾರೆ, ಅದಕ್ಕೆ ಹಣವೂ ಸಿಗುತ್ತದೆ.

ನಮ್ಮಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ತನ್ನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಕೊಡುತ್ತದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಬೇಸಿಗೆ ಬಂದಾಗ ಇಲಾಖೆ ಫೈರ್ ವಾಚರ್ ಆಗಿ ಕರೆಯುವುದೂ ಇದೇ ಸೋಲಿಗರ ಪೋಡುಗಳ, ಅಂದ್ರೆ ಹಾಡಿಗಳ, ಜನರನ್ನು. ಮಾರ್ಚ್‌ನಲ್ಲಿ ಪ್ರಾಣ ಪಣಕ್ಕಿಟ್ಟು ಬೆಂಕಿ ಆರಿಸಲು ಅವರು ಬೇಕು ಅನ್ನುವುದಾದರೆ, ನವೆಂಬರ್‌ನಲ್ಲಿ ಎಲ್ಲಿ ಸವರಬೇಕು ಅಂತ ತೀರ್ಮಾನಿಸುವಾಗಲೂ ಅವರನ್ನು ಕೂರಿಸಿಕೊಳ್ಳಬೇಕು. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದು ತರಗು ಬೆಂಕಿಯನ್ನು ಕೈಯಾರೆ ಹಚ್ಚಿದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಇಳಿಜಾರಿಗೆ ಯಾವ ದಿನ, ಗಾಳಿ ಯಾವ ಕಡೆ ಇದ್ದಾಗ, ಇಬ್ಬನಿ ಎಷ್ಟು ಆರಿದ ಮೇಲೆ ಅನ್ನುವುದು ಅವರಿಗೆ ಗೊತ್ತು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಒಂದೆರಡು ಪೋಡುಗಳ ಪಕ್ಕ ಸಣ್ಣ ತಾಕು ಗುರುತು ಮಾಡಲಿ. ಗ್ರಾಮಸಭೆ, ಇಲಾಖೆ, ವಿಜ್ಞಾನಿಗಳು ಮೂವರೂ ಸೇರಿ ಕಾಗದದ ಮೇಲೆ ಒಪ್ಪಿಗೆ ಮಾಡಿಕೊಳ್ಳಲಿ. ಮೊದಲ ಎರಡು ವರ್ಷ ಲಂಟಾನ ಬೇರು ಸಮೇತ ಕಿತ್ತು ಹುಲ್ಲು ಬರಲಿ. ಮೂರನೇ ವರ್ಷದ ಜನವರಿಯಲ್ಲಿ, ಸುತ್ತ ರೇಖೆ ಹೊಡೆದು, ಹಿರಿಯರು ಹೇಳಿದ ದಿನ ತರಗು ಬೆಂಕಿ ಕೊಡಲಿ. ಪಕ್ಕದಲ್ಲಿ ಕಿತ್ತು ಸುಡದ ತಾಕು ಒಂದು, ಏನೂ ಮಾಡದ ತಾಕು ಒಂದು ಇರಲಿ. ಸಸಿ ಎಷ್ಟು ಉಳಿಯಿತು, ಲಂಟಾನ ಎಷ್ಟು ಮರಳಿತು, ಏಪ್ರಿಲ್ ಹೊತ್ತಿಗೆ ನೆಲದಲ್ಲಿ ಉರಿಯುವಂಥದ್ದು ಎಷ್ಟು ಉಳಿದಿದೆ ಅಂತ ಎಲ್ಲರ ಮುಂದೆ ಅಳೆದು, ಕನ್ನಡದಲ್ಲೇ ಬರೆದು ಗ್ರಾಮಸಭೆಗೆ ಒಪ್ಪಿಸಲಿ.